ಇಣುಕುಗನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಗಾದೆ ಕೇಳುತ್ತದೆ. ಬೇಡ, ಒಪ್ಪೋಣ. ಆದರೆ ಬೆನ್ನಿನ ಹುಣ್ಣಿಗೆ? ಕಡೇ ದವಡೆಹಲ್ಲಿನ ಹಿಂಬದಿಯಲ್ಲಿ ಕೂತ ಹುಳುಕಿಗೆ? ಗಾದೆ ಅಷ್ಟು ದೂರ ಹೋಗುವುದಿಲ್ಲ. ನಮ್ಮಲ್ಲಿ ಕನ್ನಡಿಯ ಸುತ್ತ ಹುಟ್ಟಿದ ಮಾತು, ಚಿತ್ರ, ಶಿಲ್ಪ ಹೆಚ್ಚಾಗಿ ಮುಖದ ಎದುರಿಗೇ ನಿಂತುಬಿಡುತ್ತವೆ. ಬೇಲೂರಿನ ದರ್ಪಣಸುಂದರಿ ಹೊಯ್ಸಳರ ಕಾಲದಿಂದ ತನ್ನನ್ನೇ ನೋಡಿಕೊಳ್ಳುತ್ತಿದ್ದಾಳೆ. ದೇವರ ಮೆರವಣಿಗೆಯ ಮುಂದೆ ಕಳಶದ ಜೊತೆ ಕನ್ನಡಿ ಹಿಡಿದು ನಡೆಯುತ್ತೇವೆ. ಕಣ್ಣಿಗೆ ಕಂಡೂ ಕೈಗೆ ಸಿಗದ್ದನ್ನು ಕನ್ನಡಿಯೊಳಗಿನ ಗಂಟು ಎನ್ನುತ್ತೇವೆ.

ನಾನು ಹೇಳಹೊರಟಿರುವ ಕನ್ನಡಿಯಲ್ಲಿ ಯಾರೂ ಮುಖ ನೋಡಿಕೊಳ್ಳುವುದಿಲ್ಲ. ನೋಡಿಕೊಂಡರೂ ಒಂದು ಕಣ್ಣು, ಅರ್ಧ ಮೂಗು ಕಂಡೀತು, ಅಷ್ಟೆ. ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಬಿಲ್ಲೆ, ಅದರ ಬೆನ್ನಿಗೆ ಗುಂಡು ಕೀಲು, ಕೀಲಿಗೆ ರೇಡಿಯೋ ಆಂಟೆನಾದಂತೆ ಎಳೆದಷ್ಟೂ ಉದ್ದವಾಗುವ ಕಡ್ಡಿ. ಅಂಗಡಿಯಲ್ಲಿ ಕೇಳಬೇಕಾದರೆ ಇನ್ಸ್‌ಪೆಕ್ಷನ್ ಮಿರರ್. ಎಂಜಿನ್ನಿನ ಹಿಂದೆ, ಚಾಸಿಯ ಕೆಳಗೆ, ತಲೆ ತೂರದ ಸಂದಿಯಲ್ಲಿ ಏನಾಗಿದೆ ಎಂದು ನೋಡುವುದಕ್ಕೆ ಇರುವ ಸಾಮಾನು ಇದು. ಕಳೆದ ಒಂದು ವರ್ಷದಲ್ಲಿ ನನ್ನ ಪ್ರಬಂಧದ ಎರಡನೇ ಅಧ್ಯಾಯಕ್ಕಿಂತ ಹೆಚ್ಚು ಹೊತ್ತನ್ನು ನಾನು ಇಂಥ ಕನ್ನಡಿಗಳ ಮೇಲೆ ಕಳೆದಿದ್ದೇನೆ. ಗೈಡ್ ಇದನ್ನು ಓದಿದರೆ ನಗುತ್ತಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಮ್ಮದು ಉಲ್ಲಾಳ. ಹೊರಗಿನವರಿಗೆ ಹೀಗೆಂದರೆ ‘ಓ, ರಾಣಿ ಅಬ್ಬಕ್ಕನ ಊರಾ, ಮಂಗಳೂರಾ?’ ಎನ್ನುತ್ತಾರೆ. ಅಲ್ಲ, ಸಮುದ್ರವಿಲ್ಲದ ಉಲ್ಲಾಳ. ಒಂದು ಕೆರೆಯಿದೆ. ಜ್ಞಾನಭಾರತಿಯ ಕಾಂಪೌಂಡು ದಾಟಿ, ಮಲ್ಲತ್ತಹಳ್ಳಿ ದಾಟಿ ಬಂದರೆ ಸಿಗುವ ಬೆಂಗಳೂರಿನ ಪಶ್ಚಿಮದ ಅಂಚು. ಅಪ್ಪ ಮಾಗಡಿ ಕಡೆಯಿಂದ ಬಂದು, ವಿಜಯನಗರದ ಒಂದು ಗ್ಯಾರೇಜಿನಲ್ಲಿ ಹತ್ತು ವರ್ಷ ದುಡಿದು, 2001ರಲ್ಲಿ ಇಲ್ಲಿ ಸ್ವಂತದ ಟೂ ವೀಲರ್ ಗ್ಯಾರೇಜು ಹಾಕಿದಾಗ ರಸ್ತೆಯ ಆಚೆ ಬದಿಗೆ ರಾಗಿ ಹೊಲವಿತ್ತಂತೆ. 2007ರಲ್ಲಿ ಬಿಬಿಎಂಪಿ ಆದಾಗ ಊರು ನಗರಕ್ಕೆ ಸೇರಿತು, ಹೊಲ ಲೇಔಟಿಗೆ ಸೇರಿತು, ಲೇಔಟಿನವರ ಸ್ಕೂಟರುಗಳು ಅಪ್ಪನ ಕೈಗೆ ಸೇರಿದವು. ನನ್ನ ಬಿಎ, ಎಂಎ, ಈಗಿನ ಪಿಎಚ್‌ಡಿಯ ಶುಲ್ಕ ಎಲ್ಲವೂ ಆ ಶೀಟಿನ ಚಾವಣಿಯ ಕೆಳಗಿಂದ ಬಂದದ್ದು.

ಅಪ್ಪನಿಗೆ ಈಗ ಅರವತ್ತೊಂದು. ಎರಡು ವರ್ಷದ ಹಿಂದೆ ಬಲಗೈಯ ಬೆರಳುಗಳಲ್ಲಿ ಜೋಮು ಶುರುವಾಯಿತು. ಸ್ಪ್ಯಾನರ್ ಹಿಡಿದದ್ದು ಹಿಡಿದಂತೆ ಜಾರುತ್ತಿತ್ತು. ಡಾಕ್ಟರು ಎಕ್ಸ್‌ರೇ ನೋಡಿ ಕುತ್ತಿಗೆಯ ಮೂಳೆ ಸವೆದಿದೆ ಎಂದರು. ಮೂವತ್ತು ಚಿಲ್ಲರೆ ವರ್ಷ ನೆಲಕ್ಕೆ ಒಂದು ಕಿವಿ ತಾಗಿಸಿ, ಕುತ್ತಿಗೆ ತಿರುಚಿ, ಎಂಜಿನ್ನಿನ ಹೊಟ್ಟೆ ನೋಡಿದ ಕುತ್ತಿಗೆ ಅದು. ಬಗ್ಗಬಾರದು, ಮೇಲಕ್ಕೆ ನೋಡುತ್ತಾ ಮಲಗಬಾರದು, ಭಾರ ಎತ್ತಬಾರದು. ‘ಅಂದರೆ ಕೆಲಸ ಮಾಡಬಾರದು ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತಲ್ಲ’ ಎಂದು ಅಪ್ಪ ಆಚೆ ಬಂದು ಗೊಣಗಿದರು. ಅಮ್ಮ ಅವತ್ತೇ ಗ್ಯಾರೇಜು ಯಾರಿಗಾದರೂ ಬಾಡಿಗೆಗೆ ಕೊಟ್ಟುಬಿಡೋಣ ಎಂದಳು. ನನ್ನ ಫೆಲೋಶಿಪ್ ಮುಗಿಯಲು ಆಗ ಎಂಟು ತಿಂಗಳಿತ್ತು. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಪ್ಪನ ಕೆಲಸದಲ್ಲಿ ಎರಡು ಪಾಲಿದೆ. ಒಂದು ಬಿಚ್ಚುವುದು, ಕಟ್ಟುವುದು. ಅದಕ್ಕೆ ರಾಯಚೂರು ಕಡೆಯ ಒಬ್ಬ ಹುಡುಗ ಇದ್ದಾನೆ, ಚುರುಕಾಗಿದ್ದಾನೆ. ಇನ್ನೊಂದು ಏನಾಗಿದೆ ಎಂದು ಕಂಡುಹಿಡಿಯುವುದು. ಅದನ್ನು ಹುಡುಗ ಇನ್ನೂ ಕಲಿತಿಲ್ಲ, ಗಿರಾಕಿಗಳು ಬರುವುದೂ ಅದಕ್ಕಾಗಿಯೇ. ಕುತ್ತಿಗೆ ಬಗ್ಗಿಸದೆ ಕಂಡುಹಿಡಿಯಬೇಕೆಂದರೆ ಕಣ್ಣು ಹೋಗದಲ್ಲಿಗೆ ಕಣ್ಣನ್ನು ಕಳಿಸಬೇಕು. ಆಗಲೇ ಅಪ್ಪನ ಮೇಜಿನ ಡ್ರಾದಿಂದ ಬಿಸ್ಕತ್ತಿನ ತಗಡಿನ ಡಬ್ಬಿ ಹೊರಗೆ ಬಂದದ್ದು.

ಅದರಲ್ಲಿ ಸತ್ತ ಕನ್ನಡಿಗಳಿದ್ದವು. ಅಪ್ಪ ಯಾವ ಸಾಮಾನನ್ನೂ ಎಸೆಯುವವರಲ್ಲ. ಐದು ಕನ್ನಡಿ, ಐದು ಬಗೆಯ ಸಾವು. ಸಂಶೋಧನೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಆಕರ ಸಿಗುವುದಿಲ್ಲ. ಹೊಸದನ್ನು ಕೊಳ್ಳುವ ಮೊದಲು ಹಳೆಯವು ಯಾಕೆ ಸತ್ತವೆಂದು ನೋಡೋಣ ಎಂದು ಅಪ್ಪ ಮಗಳು ಸ್ಟೂಲು ಎಳೆದುಕೊಂಡು ಕೂತೆವು.

ಮೊದಲನೆಯದು ಗಾಜಿನದ್ದು. ಗಾಜು ಇಡಿಯಾಗಿತ್ತು, ಆದರೆ ಅಂಚಿನಿಂದ ಒಳಕ್ಕೆ ಕಪ್ಪು ಹರಡಿ ನಡುವೆ ಬಟಾಣಿಯಷ್ಟು ಜಾಗ ಮಾತ್ರ ಕನ್ನಡಿಯಾಗಿ ಉಳಿದಿತ್ತು. ಸಾಮಾನ್ಯ ಕನ್ನಡಿಯಲ್ಲಿ ಪ್ರತಿಫಲಿಸುವುದು ಗಾಜಲ್ಲ, ಗಾಜಿನ ಬೆನ್ನಿಗೆ ಹಚ್ಚಿದ ತೆಳುವಾದ ಬೆಳ್ಳಿ ಅಥವಾ ಅಲ್ಯುಮಿನಿಯಂ. ಗಾಜಿನ ಮೇಲೆ ಬೆಳ್ಳಿಯನ್ನು ರಾಸಾಯನಿಕವಾಗಿ ಕೂರಿಸುವ ದಾರಿಯನ್ನು ಜರ್ಮನಿಯ ಲೀಬಿಗ್ 1835ರಲ್ಲಿ ತೋರಿಸಿದ. ಅದಕ್ಕೆ ಮೊದಲು ತವರ ಮತ್ತು ಪಾದರಸ ಬಳಸುತ್ತಿದ್ದರು. ಆ ಲೋಹದ ಪೊರೆಯನ್ನು ಕಾಯುವುದು ಹಿಂದೆ ಬಳಿದ ಬಣ್ಣ. ಬ್ರೇಕ್ ಆಯಿಲ್ ಬಿದ್ದರೆ ಸ್ಕೂಟರಿನ ಬಣ್ಣವೇ ಎದ್ದು ಬರುತ್ತದೆ, ಕನ್ನಡಿಯ ಬೆನ್ನಿನ ಬಣ್ಣ ಯಾವ ಲೆಕ್ಕ? ಅಂಚಿನ ಸಂದಿಯಿಂದ ನುಗ್ಗಿ ಬಣ್ಣ ತಿಂದು, ಬೆಳ್ಳಿ ತಿಂದು, ಕನ್ನಡಿಯನ್ನು ಬರೀ ಗಾಜು ಮಾಡಿತ್ತು. ‘ಇದು ಡಿಸ್ಕ್ ಬ್ರೇಕು ಬಂದ ಮೇಲೆ ಸತ್ತಿದ್ದು’ ಎಂದರು ಅಪ್ಪ, ತೀರಿಕೊಂಡ ನೆಂಟರ ವರ್ಷ ನೆನೆಸಿಕೊಳ್ಳುವವರ ಹಾಗೆ.

ಎರಡನೆಯದರಲ್ಲಿ ಗಾಜಿರಲಿಲ್ಲ, ಅಕ್ರಿಲಿಕ್ ಹಾಳೆಯ ಕನ್ನಡಿ. ಬಿದ್ದರೆ ಒಡೆಯುವುದಿಲ್ಲ, ಹಗುರ, ಅಗ್ಗ. ಆದರೆ ಮುಖವೆಲ್ಲ ಮಂಜು ಕವಿದಂತೆ ಬೆಳ್ಳಗಾಗಿತ್ತು. ಕಾರ್ಬೊರೇಟರ್ ತೊಳೆಯುವ ಸ್ಪ್ರೇ ಅದರ ಮೇಲೆ ಬಿದ್ದಿರಬೇಕು. ಥಿನ್ನರ್, ಅಸಿಟೋನ್ ಥರದ್ದು ಏನೇ ತಾಗಿದರೂ ಅಕ್ರಿಲಿಕ್ ಕೆಡುತ್ತದೆ. ಅದೇನೂ ತಾಗದಿದ್ದರೂ ಮರಳುಕಣವಿರುವ ವೇಸ್ಟ್ ಬಟ್ಟೆಯಲ್ಲಿ ನಾಲ್ಕು ಸಲ ಒರೆಸಿದರೆ ಸಾಕು, ಗೀರುಗಳ ಜಾಲ.

ಮೂರನೆಯದರ ಕನ್ನಡಿ ಚೆನ್ನಾಗಿಯೇ ಇತ್ತು, ಕುತ್ತಿಗೆ ಹೋಗಿತ್ತು. ನಾನು ಅಪ್ಪನ ಕಡೆ ನೋಡಿದೆ, ಅಪ್ಪ ನನ್ನ ಕಡೆ ನೋಡಿದರು, ಇಬ್ಬರೂ ಏನೂ ಹೇಳಲಿಲ್ಲ. ಗುಂಡು ಕೀಲನ್ನು ಹಿಡಿದಿಡುವ ತಗಡು ಸಡಿಲವಾಗಿ, ಯಾವ ಕೋನದಲ್ಲಿ ಇಟ್ಟರೂ ತಲೆ ಜೋತುಬೀಳುತ್ತಿತ್ತು. ಹೆಚ್ಚಿನ ಕನ್ನಡಿಗಳು ಸಾಯುವುದು ಇಲ್ಲಿಯೇ ಎಂದು ಅಪ್ಪನ ತೀರ್ಮಾನ. ಅಗ್ಗದವುಗಳಲ್ಲಿ ಕೀಲಿನ ಮೇಲೆ ತಗಡನ್ನು ಒತ್ತಿ ಮಡಿಸಿಬಿಟ್ಟಿರುತ್ತಾರೆ. ಸಡಿಲವಾದರೆ ಮತ್ತೆ ಬಿಗಿಯುವ ದಾರಿಯಿಲ್ಲ. ಸ್ವಲ್ಪ ಒಳ್ಳೆಯದರಲ್ಲಿ ಎರಡು ಪಟ್ಟಿಗಳ ನಡುವೆ ಗುಂಡುಗಳಿದ್ದು, ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತದೆ. ಸಡಿಲವಾದಾಗೆಲ್ಲ ಕಾಲು ಸುತ್ತು ತಿರುಗಿಸಿದರೆ ಆಯಿತು. ಕೊಳ್ಳುವಾಗ ಕನ್ನಡಿಯನ್ನು ನೋಡುವ ಮೊದಲು ಆ ಸ್ಕ್ರೂ ಇದೆಯೇ ನೋಡು ಎಂಬುದು ನನಗೆ ಸಿಕ್ಕ ಮೊದಲ ಪಾಠ.

ನಾಲ್ಕನೆಯದರ ಕಡ್ಡಿಯ ಒಂದು ಕೊಳವೆ ಬಗ್ಗಿ ಒಳಗೆ ಸಿಕ್ಕಿಕೊಂಡಿತ್ತು. ಐದನೆಯದಕ್ಕೆ ಕನ್ನಡಿಯೇ ಇರಲಿಲ್ಲ, ಬರೀ ಚೌಕಟ್ಟು. ‘ಗಾಜು ಎಲ್ಲಿ ಹೋಯ್ತು?’ ಎಂದೆ. ಅಪ್ಪನ ಮುಖ ಗಂಭೀರವಾಯಿತು. ಒಂದು ಬೈಕಿನ ಕ್ಲಚ್ ಕವರ್ ಬಿಚ್ಚಿ ಒಳಗೆ ನೋಡುವಾಗ ಚೌಕಟ್ಟಿನಿಂದ ಗಾಜು ಕಳಚಿ ಒಳಗೆ ಬಿದ್ದು ಚೂರಾಯಿತಂತೆ. ಆ ಚೂರು ಆಯಿಲಿನ ಜೊತೆ ಓಡಾಡಿದರೆ ಎಂಜಿನ್ ಮುಗಿದಂತೆ. ಗಿರಾಕಿಯಿಂದ ಒಂದು ಪೈಸೆ ಹೆಚ್ಚಿಗೆ ತೆಗೆದುಕೊಳ್ಳದೆ ಇಡೀ ಎಂಜಿನ್ ಇಳಿಸಿ, ತೊಳೆದು, ಬಟ್ಟೆಯ ಮೇಲೆ ಚೂರುಗಳನ್ನೆಲ್ಲ ಜೋಡಿಸಿ, ದುಂಡು ಪೂರ್ತಿಯಾಗುವವರೆಗೆ ಹುಡುಕಿದರಂತೆ. ಎರಡು ದಿನ.

ಹೀಗೆ ಡಬ್ಬಿಯೇ ನನಗೆ ಪಟ್ಟಿ ಕೊಟ್ಟಿತು. ಆ ಪಟ್ಟಿ ಹಿಡಿದು ಒಂದು ಶನಿವಾರ ಎಸ್‌ಪಿ ರಸ್ತೆಗೆ ಹೋದೆ. ಜ್ಞಾನಭಾರತಿಯಲ್ಲಿ ಮೆಟ್ರೊ ಹತ್ತಿದರೆ ಮೆಜೆಸ್ಟಿಕ್ಕಿಗೆ ದಾರಿ ಸಲೀಸು. ಅಲ್ಲಿಂದ ಮುಂದೆ ಎಸ್‌ಪಿ ರಸ್ತೆಯ ಗಲ್ಲಿಗಳಲ್ಲಿ ಅರ್ಧ ಗಂಟೆ ಸುತ್ತಿದರೆ ಸಿಗದ ಟೂಲ್ ಇಲ್ಲ. ಆದರೆ ಹೆಣ್ಣುಮಗಳೊಬ್ಬಳು ಇನ್ಸ್‌ಪೆಕ್ಷನ್ ಮಿರರ್ ಕೇಳಿದರೆ ಮೊದಲು ಮೇಕಪ್ ಕನ್ನಡಿಯ ಅಂಗಡಿಯ ಕಡೆ ಕೈ ತೋರಿಸುತ್ತಾರೆ. ಮೂರನೇ ಅಂಗಡಿಯಲ್ಲಿ ಒಬ್ಬ ಹಿರಿಯರು ಮಾತ್ರ ‘ಗಾಡಿಗಾ ಮೇಡಂ, ಮಷೀನಿಗಾ?’ ಎಂದು ಸರಿಯಾದ ಪ್ರಶ್ನೆ ಕೇಳಿದರು.

ಅವರು ನಾಲ್ಕೈದು ತೆಗೆದು ಮುಂದಿಟ್ಟರು. ಉಜ್ಜಿ ಹೊಳಪು ಬರಿಸಿದ ಸ್ಟೀಲಿನದೂ ಅದರಲ್ಲಿತ್ತು. ನಾನು ಮೊದಲು ಅದರ ಕಡೆಗೇ ವಾಲಿದೆ, ಐದನೇ ಕನ್ನಡಿಯ ಕತೆ ಕೇಳಿದವರು ಯಾರಾದರೂ ವಾಲುತ್ತಾರೆ. ಒಡೆಯುವ ಮಾತಿಲ್ಲ, ಪೆಟ್ರೋಲು, ಥಿನ್ನರ್, ಬ್ರೇಕ್ ಆಯಿಲ್ ಯಾವುದಕ್ಕೂ ಹೆದರಬೇಕಿಲ್ಲ. ಕೊರತೆ ಬೆಳಕಿನದು. ಒಳ್ಳೆಯ ಬೆಳ್ಳಿಯ ಕನ್ನಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ತಿರುಗಿ ಕೊಡುತ್ತದೆ. ಸ್ಟೀಲು ಕೊಡುವುದು ಮೂರರಲ್ಲಿ ಎರಡು ಪಾಲಿನಷ್ಟು. ಮೊದಲೇ ಕತ್ತಲೆಯ ಜಾಗ, ಅದರಲ್ಲಿ ಮೂರನೇ ಒಂದು ಪಾಲು ಕಳೆದರೆ ಕೂದಲೆಳೆಯ ಬಿರುಕು ಕಾಣದೇ ಹೋಗಬಹುದು. ಜೊತೆಗೆ ತೆಳುವಾದ ಸ್ಟೀಲು ಪೂರಾ ಸಮತಟ್ಟಾಗಿ ಇರುವುದು ಅಪರೂಪ. ಪರೀಕ್ಷೆ ಸುಲಭ: ಅಂಗಡಿಯ ಟ್ಯೂಬ್‌ಲೈಟನ್ನು ಅದರಲ್ಲಿ ಹಿಡಿದು ನಿಧಾನವಾಗಿ ಓರೆ ಮಾಡುತ್ತಾ ಹೋಗಬೇಕು. ಟ್ಯೂಬು ನೆಟ್ಟಗಿದ್ದರೆ ಸರಿ, ಹಾವಿನಂತೆ ಹೊರಳಿದರೆ ಬೇಡ. ಮುಂದಿಟ್ಟ ಸ್ಟೀಲಿನ ಎರಡರಲ್ಲಿ ಒಂದು ಹೊರಳಿತು, ಒಂದು ನೆಟ್ಟಗಿತ್ತು. ನೆಟ್ಟಗಿದ್ದುದನ್ನು ಎತ್ತಿಟ್ಟುಕೊಂಡೆ. ಇನ್ನೊಂದು ಸಣ್ಣ ಮೊಟ್ಟೆಯಾಕಾರದ ಗಾಜಿನದು, ಸ್ಕ್ರೂ ಇರುವ ಎರಡು ಕೀಲು, ಅಂಚು ಪೂರ್ತಿ ಮಡಿಸಿದ ಸ್ಟೀಲಿನ ಚೌಕಟ್ಟು. ದುಂಡಗಿನ ಕನ್ನಡಿ ತೂರದ ಸೀಳಿನಲ್ಲಿ ಮೊಟ್ಟೆಯಾಕಾರದ್ದು ಉದ್ದುದ್ದಕ್ಕೆ ತೂರುತ್ತದೆ, ಒಳಗೆ ಹೋದ ಮೇಲೆ ತಿರುಗಿಸಿಕೊಂಡರೆ ಅಗಲವಾಗಿ ಕಾಣುತ್ತದೆ.

ಎಲ್‌ಇಡಿ ಇರುವುದನ್ನು ಅವರೇ ಬೇಡ ಎಂದರು. ಗುಂಡಿಯಂಥ ಸೆಲ್ಲು ಬೇಗ ಮುಗಿಯುತ್ತದೆ, ಕನ್ನಡಿಯ ಅಂಚಿನಲ್ಲೇ ದೀಪವಿದ್ದರೆ ಕಣ್ಣು ಕುಕ್ಕುತ್ತದೆ. ದೀಪ ಕನ್ನಡಿಯಲ್ಲಿ ಇರಬೇಕಾದ್ದೇ ಇಲ್ಲ. ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ಕನ್ನಡಿಯ ಮೇಲೇ ಬಿಟ್ಟರೆ, ನಾವು ಕನ್ನಡಿಯಲ್ಲಿ ಯಾವ ಜಾಗ ನೋಡುತ್ತಿದ್ದೇವೋ ಬೆಳಕು ತಾನಾಗಿ ಅಲ್ಲಿಗೇ ಹೋಗುತ್ತದೆ. ನೋಟ ಹೋದ ದಾರಿಯಲ್ಲೇ ಬೆಳಕೂ ಹೋಗುತ್ತದೆ. ಹೈಸ್ಕೂಲಿನಲ್ಲಿ ಪತನಕೋನ, ಪ್ರತಿಫಲನಕೋನ ಎಂದು ಬಾಯಿಪಾಠ ಮಾಡಿದ್ದರಿಂದ ನನಗೆ ಇಷ್ಟು ಕೆಲಸಕ್ಕೆ ಬರುವ ಸಂಗತಿ ಯಾವತ್ತೂ ಹೊಳೆದಿರಲಿಲ್ಲ.

ಇನ್ನೊಂದು ಬಗೆಯ ಕನ್ನಡಿ ನಾನು ಹುಡುಕುತ್ತಿದ್ದೆ, ಅದು ಆ ರಸ್ತೆಯಲ್ಲಿ ಸಿಗಲಿಲ್ಲ. ಮಾಮೂಲಿ ಕನ್ನಡಿಯ ಮೇಲೆ ಉಗುರಿನ ತುದಿಯನ್ನು ಇಟ್ಟು ನೋಡಿ. ಉಗುರಿಗೂ ಅದರ ಬಿಂಬಕ್ಕೂ ನಡುವೆ ಸಣ್ಣ ಸಂದು ಕಾಣುತ್ತದೆ. ಗಾಜಿನ ದಪ್ಪದಿಂದ ಬಂದದ್ದು ಅದು. ಗಾಜಿನ ಮುಂಭಾಗವೂ ಒಂದಿಷ್ಟು ಬೆಳಕನ್ನು ತಿರುಗಿಸುವುದರಿಂದ ನಿಜವಾದ ಬಿಂಬದ ಪಕ್ಕ ಮಸುಕಾದ ಎರಡನೇ ಬಿಂಬವೂ ಇರುತ್ತದೆ. ಮುಖ ನೋಡಿಕೊಳ್ಳುವಾಗ ಅದು ಗಮನಕ್ಕೆ ಬರುವುದಿಲ್ಲ. ಬಿರುಕು ಹುಡುಕುವಾಗ ಮಾತ್ರ ಒಂದು ಗೆರೆ ಎರಡಾಗಿ ಕಂಡು ತಲೆ ಕೆಡಿಸುತ್ತದೆ. ಪ್ರತಿಫಲಿಸುವ ಪೊರೆ ಮುಂಭಾಗದಲ್ಲೇ ಇದ್ದರೆ ಸಂದೂ ಇಲ್ಲ, ನೆರಳುಬಿಂಬವೂ ಇಲ್ಲ. ಕೇರಳದ ಆರನ್ಮುಳದಲ್ಲಿ ತಾಮ್ರ, ತವರ ಬೆರೆಸಿ ಎರಕ ಹೊಯ್ದು ಉಜ್ಜಿ ಮಾಡುವ ಲೋಹದ ಕನ್ನಡಿ ಇಂಥದ್ದು. ದರ್ಪಣಸುಂದರಿಯ ಕೈಯಲ್ಲಿರುವುದಕ್ಕೆ ಮಾದರಿಯಾದದ್ದೂ ಲೋಹದ ಕನ್ನಡಿಯೇ ಇದ್ದೀತು. ಕಾವಲೂರಿನ ವೇಣು ಬಾಪು ವೀಕ್ಷಣಾಲಯದ 2.3 ಮೀಟರ್ ದೂರದರ್ಶಕದ ದೊಡ್ಡ ಕನ್ನಡಿಯಲ್ಲೂ ಅಲ್ಯುಮಿನಿಯಂ ಪೊರೆ ಮುಂಭಾಗದಲ್ಲೇ ಇರುತ್ತದೆ, ಅದನ್ನು ಆಗಾಗ ಹೊಸದಾಗಿ ಹಾಕಬೇಕಾಗುತ್ತದೆ. ಮುಂದೆ ಇರುವುದಕ್ಕೆ ಕಾವಲಿಲ್ಲ, ಅದೇ ತೊಡಕು.

ಆ ತೊಡಕನ್ನು ದಾಟಿದವರು ಹಲ್ಲಿನ ಡಾಕ್ಟರುಗಳು. ಅವರ ಬಾಯಿಗನ್ನಡಿಯಲ್ಲಿ ಒಳ್ಳೆಯ ದರ್ಜೆಯದ್ದಕ್ಕೆ ಮುಂಭಾಗದಲ್ಲಿ ರೋಡಿಯಂ ಎಂಬ ಲೋಹದ ಪೊರೆ ಇರುತ್ತದೆ. ಗಟ್ಟಿ, ಕಪ್ಪಾಗುವುದಿಲ್ಲ, ಕುದಿಯುವ ಆವಿಯಲ್ಲಿ ಮತ್ತೆ ಮತ್ತೆ ಬೇಯಿಸಿದರೂ ತಡೆದುಕೊಳ್ಳುತ್ತದೆ. ನಾಲ್ಕನೇ ನಂಬರಿನದು 22 ಮಿಲಿಮೀಟರ್, ಐದನೆಯದು 24. ತಲೆ ಕಡ್ಡಿಗೆ ತಿರುಪಿನಿಂದ ಕೂರುತ್ತದೆ. ತಲೆ ಕೆಟ್ಟರೆ ತಲೆಯನ್ನಷ್ಟೇ ಬದಲಿಸಬಹುದು. ಬೇರೆಲ್ಲ ಬಗೆಯಲ್ಲಿ ಕನ್ನಡಿ ಸತ್ತರೆ ಕಡ್ಡಿಯೂ ಸಹಗಮನ ಮಾಡುತ್ತದೆ. ಹಲ್ಲಿನ ಡಾಕ್ಟರುಗಳ ಸಾಮಾನು ಮಾರುವ ಅಂಗಡಿಯಿಂದ ಒಂದು ಕಡ್ಡಿ, ಮೂರು ತಲೆ ತಂದೆ. ಅಪ್ಪ ಅದನ್ನು ಹಿಡಿದು ಹಿಂದೆ ಮುಂದೆ ನೋಡಿ, ‘ಯಾರ ಬಾಯಲ್ಲೂ ಇಟ್ಟಿಲ್ಲ ತಾನೆ ಪುಟ್ಟಿ?’ ಎಂದರು. ಮಾರನೆಯ ದಿನ ನೋಡಿದರೆ ಅದರ ಗಿಡ್ಡ ಕಡ್ಡಿಗೆ ಸೈಕಲ್ಲಿನ ಸ್ಪೋಕು ಜೋಡಿಸಿ, ತಂತಿ ಸುತ್ತಿ, ಒಂದೂವರೆ ಅಡಿ ಮಾಡಿಕೊಂಡಿದ್ದರು. ಎಳೆದರೆ ಉದ್ದವಾಗುವ ಕೊಳವೆಗಳ ಮೇಲೆ ಅವರಿಗೆ ನಂಬಿಕೆ ಕಡಿಮೆ. ಎಂಜಿನ್ ಆನ್ ಇಟ್ಟು ನೋಡುವಾಗ ತುದಿ ನಡುಗುತ್ತದೆ ಎನ್ನುತ್ತಾರೆ. ರಬ್ಬರ್ ಹಿಡಿಯೂ ಅವರಿಗೆ ಆಗದು, ಆಯಿಲ್ ಕುಡಿದು ಕುಡಿದು ಅಂಟಂಟಾಗುತ್ತದೆ. ನರ್ಲಿಂಗ್ ಮಾಡಿದ ಲೋಹದ ಹಿಡಿಯೇ ಆಗಬೇಕು.

ಕನ್ನಡಿ ಬಂದಿತು ಎಂದ ಮಾತ್ರಕ್ಕೆ ಕೆಲಸ ಬರುವುದಿಲ್ಲ. ಒಂದು ಸಂಜೆ ಅಪ್ಪ ನನ್ನ ಕೈಗೆ ಕನ್ನಡಿ, ಸ್ಪ್ಯಾನರ್ ಎರಡನ್ನೂ ಕೊಟ್ಟು ಎಂಜಿನ್ನಿನ ಹಿಂದಿನ ಒಂದು ನಟ್ಟು ಬಿಗಿ ಮಾಡು ಎಂದರು. ಆ ಕಡೆಗೆ ಮುಖ ಮಾಡಿದ ನಟ್ಟನ್ನು ಕನ್ನಡಿಯಲ್ಲಿ ನೋಡುವಾಗ ಬಲ ಎಡವಾಗುತ್ತದೆ, ಬಿಗಿಯುವ ಸುತ್ತು ಸಡಿಲಿಸುವ ಸುತ್ತಿನಂತೆ ಕಾಣುತ್ತದೆ. ಕೈ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಅಪ್ಪ ಕನ್ನಡಿಯಲ್ಲಿ ನಟ್ಟು ಎಲ್ಲಿದೆಯೆಂದು ಒಮ್ಮೆ ನೋಡಿ, ಆಮೇಲೆ ಕನ್ನಡಿಯನ್ನು ಪಕ್ಕಕ್ಕಿಟ್ಟು, ಗೋಡೆ ನೋಡುತ್ತಾ ಬೆರಳಿನಿಂದಲೇ ಬಿಗಿಯುತ್ತಾರೆ. ‘ನೋಡೋಕೆ ಕನ್ನಡಿ, ಮಾಡೋಕೆ ಕೈ. ಎರಡನ್ನೂ ಒಟ್ಟಿಗೆ ಬಿಟ್ಟರೆ ಜಗಳ ಆಡ್ತವೆ’ ಎಂದರು. ಜೋಮು ಹಿಡಿದ ಬೆರಳುಗಳು ಅವು. ಔಷಧಿಯಿಂದ ಒಂದಿಷ್ಟು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಊಟದ ಪಾರ್ಸೆಲ್ ಹೊರುವ ಹುಡುಗನೊಬ್ಬ ಸ್ಕೂಟರ್ ತಂದ. ಹಂಪ್ ಹತ್ತಿಳಿದಾಗ ಕಟಕಟ ಸದ್ದು. ಬೇರೆ ಕಡೆ ತೋರಿಸಿದ್ದಕ್ಕೆ ಶಾಕ್ ಅಬ್ಸಾರ್ಬರ್ ಬದಲಿಸಬೇಕು ಎಂದಿದ್ದರಂತೆ. ಅಪ್ಪ ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಫುಟ್‌ಬೋರ್ಡಿನ ಕೆಳಗೆ ಕನ್ನಡಿ ತೂರಿಸಿ, ಟಾರ್ಚ್ ಬಿಟ್ಟರು. ಬಹಳ ಹೊತ್ತು ನೋಡಿದರು. ಆಮೇಲೆ ಬ್ರಶ್ಶಿನಿಂದ ಕೆಸರು ಕೆರೆದು ಮತ್ತೆ ನೋಡಿದರು.

‘ಇಲ್ಲಿ ಬಾಪ್ಪ, ನೋಡು.’

‘ಏನಣ್ಣ, ಖರ್ಚು ಜಾಸ್ತಿನಾ? ಎಲ್ಲಾ ಗ್ಯಾರೇಜಲ್ಲೂ ಏನೋ ಒಂದು ಹೇಳ್ತಾರೆ.’

‘ನಾನು ಹೇಳಲ್ಲ. ನೀನೇ ನೋಡಿ ಹೇಳು.’

ಹುಡುಗ ಬಗ್ಗಿ ಕನ್ನಡಿ ನೋಡಿದ. ಫ್ರೇಮಿನ ಪೈಪಿನ ಅಡಿಭಾಗದಲ್ಲಿ, ಮೇಲಿನಿಂದ ಯಾವ ಕಾರಣಕ್ಕೂ ಕಾಣದ ಕಡೆ, ತುಕ್ಕು ತಿಂದು ಒಂದು ಗೆರೆ. ಗೆರೆ ಪೈಪನ್ನು ಅರ್ಧ ಸುತ್ತಿತ್ತು. ಅಪ್ಪ ಹ್ಯಾಂಡಲ್ ಹಿಡಿದು ಸ್ವಲ್ಪ ಅದುಮಿದರು. ಕನ್ನಡಿಯೊಳಗೆ ಗೆರೆ ಬಾಯಿ ಬಿಟ್ಟು ಮುಚ್ಚಿತು. ಹುಡುಗ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಇವತ್ತು ಭಾನುವಾರ ಅಣ್ಣ, ಆರ್ಡರ್ ಜಾಸ್ತಿ ಇರುತ್ತೆ. ಇವತ್ತೊಂದಿನ ಓಡಿಸಿ ನಾಳೆ ತರ್ತೀನಿ’ ಎಂದ. ಅಪ್ಪ ಬೀಗದ ಕೈ ತೆಗೆದು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ಪಟ್ಟಿ ಕೊಟ್ಟು ವೆಲ್ಡಿಂಗ್ ಮಾಡಿಸಿ ಕೊಡುವ ಹೊತ್ತಿಗೆ ರಾತ್ರಿ ಎಂಟಾಗಿತ್ತು. ಆ ದಿನದ ದುಡಿಮೆ ಅವನಿಗೆ ಹೋಯಿತು. ಮುಖ ಬಾಡಿತ್ತು, ಆದರೆ ಸುಳ್ಳು ಎನ್ನಲಿಲ್ಲ. ಕಂಡಮೇಲೆ ಅನ್ನುವುದು ಹೇಗೆ?

ಈ ಕನ್ನಡಿಯ ದೊಡ್ಡ ಉಪಯೋಗ ಇದೇ ಎಂದು ನನಗೆ ಅವತ್ತು ಅನ್ನಿಸಿತು. ಮೆಕ್ಯಾನಿಕ್ ಕಂಡದ್ದನ್ನು ಗಿರಾಕಿಗೂ ಕಾಣಿಸುವುದು. ಗ್ಯಾರೇಜಿನಲ್ಲಿ ಜಗಳಗಳೆಲ್ಲ ಹುಟ್ಟುವುದು ಗಿರಾಕಿಗೆ ಕಾಣದ ಜಾಗದಲ್ಲಿ. ಮಾಲುಗಳ ಗೇಟಿನಲ್ಲಿ ಕಾರಿನ ಕೆಳಗೆ ಚಕ್ರದ ಕನ್ನಡಿ ತಳ್ಳುತ್ತಾರಲ್ಲ, ಅಲ್ಲಿ ಸೆಕ್ಯುರಿಟಿಯವರು ಹೆಚ್ಚಾಗಿ ಕನ್ನಡಿಯನ್ನು ನೋಡುವುದೇ ಇಲ್ಲ, ಡ್ರೈವರ್ ಮುಖ ನೋಡುತ್ತಾರೆ. ಅದು ಉಬ್ಬುಗನ್ನಡಿ ಬೇರೆ. ಅಗಲಕ್ಕೆ ತೋರಿಸುತ್ತದೆ, ಆದರೆ ಎಲ್ಲವನ್ನೂ ಸಣ್ಣದು ಮಾಡಿ, ದೂರ ಮಾಡಿ ತೋರಿಸುತ್ತದೆ. ಗ್ಯಾರೇಜಿಗೆ ಉಬ್ಬುಗನ್ನಡಿ ಬೇಡವೇ ಬೇಡ.

ಹಾಗಾದರೆ ಫೋನಿಗೆ ಜೋಡಿಸುವ ಕ್ಯಾಮೆರಾ ಬಂದಿದೆಯಲ್ಲ ಎಂದು ನೀವು ಕೇಳಬಹುದು. ನಮ್ಮ ಹುಡುಗನೂ ಅದನ್ನೇ ಕೇಳಿದ, ಹಟ ಹಿಡಿದು ಒಂದನ್ನು ತರಿಸಿಯೂ ತರಿಸಿದ. ಅದು ಕೆಲಸಕ್ಕೆ ಬರುತ್ತದೆ. ಪ್ಲಗ್ ಬಿಚ್ಚಿ ಆ ತೂತಿನಿಂದ ಸಿಲಿಂಡರಿನ ಒಳಗೋಡೆ ನೋಡಬೇಕೆಂದರೆ ಯಾವ ಕನ್ನಡಿಯೂ ಅದರ ಮುಂದೆ ನಿಲ್ಲದು. ಆದರೆ ತುದಿ ಹೊರಳಿದರೆ ಚಿತ್ರವೂ ಹೊರಳುತ್ತದೆ, ಮೇಲು ಯಾವುದು ಕೆಳಗು ಯಾವುದು ತಿಳಿಯುವುದಿಲ್ಲ. ತೀರಾ ಹತ್ತಿರ ಹಿಡಿದರೆ ಸಾಸಿವೆಯಷ್ಟು ಗುಳಿ ಕೆರೆಯಂತೆ ಕಂಡು ಗಿರಾಕಿ ಹೆದರುತ್ತಾನೆ. ಆಯಿಲ್ ಕೈಯಲ್ಲಿ ಫೋನ್ ಹಿಡಿಯುವ ಪಾಡು ಬೇರೆ. ‘ಅದು ತೋರಿಸೋದು ಫೋಟೋ, ಇದು ತೋರಿಸೋದು ಜಾಗ’ ಎನ್ನುತ್ತಾರೆ ಅಪ್ಪ. ಕನ್ನಡಿಯಲ್ಲಿ ಆಳ, ದೂರ ಎರಡೂ ಎರಡು ಕಣ್ಣಿಗೆ ಸಿಗುತ್ತವೆ. ಎರಡೂ ಇರಲಿ ಎಂದು ನನ್ನ ಪಂಚಾಯಿತಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಸ್ಕೂಟರುಗಳಲ್ಲಿ ಸೆನ್ಸರು, ವೈರು, ಪ್ಲಾಸ್ಟಿಕ್ ಪ್ಯಾನೆಲ್ಲು ಹೆಚ್ಚಿ ಕಾಣದ ಜಾಗಗಳೇ ಜಾಸ್ತಿಯಾಗಿವೆ.

ನನ್ನ ಸಂಶೋಧನೆ ಗ್ಯಾರೇಜು, ವರ್ಕ್‌ಶಾಪುಗಳ ವೃತ್ತಿಪದಗಳ ಮೇಲೆ. ಹಾಗಾಗಿ ಇದಕ್ಕೆ ಏನನ್ನುತ್ತಾರೆ ಎಂದು ಕೆಂಗೇರಿ, ನಾಗರಬಾವಿ, ಕಾಮಾಕ್ಷಿಪಾಳ್ಯ ಸುತ್ತಿ ಕೇಳಿದೆ. ಒಬ್ಬರು ಡಾಕ್ಟರ್ ಕನ್ನಡಿ ಎಂದರು. ಇನ್ನೊಬ್ಬರು ಆಂಟೆನಾ ಕನ್ನಡಿ. ಹೆಚ್ಚಿನವರು ಬರೀ ಮಿರರ್. ಒಂದು ಲೇತ್ ಶೆಡ್ಡಿನವರು ‘ಅದಕ್ಕೆ ಹೆಸರ್ಯಾಕೆ, ಅದು ಕೊಡು ಅಂತೀವಿ, ಕೊಡ್ತಾರೆ’ ಎಂದು ಸಂದರ್ಶನವನ್ನೇ ಮುಗಿಸಿಬಿಟ್ಟರು. ಮನೆಗೆ ಬಂದು ಅಪ್ಪನನ್ನು ಕೇಳಿದೆ. ಇಷ್ಟು ದಿನ ಕೇಳಿರಲಿಲ್ಲ, ಅವರು ನನ್ನ ಪಟ್ಟಿಯಲ್ಲಿ ‘ಮಾಹಿತಿದಾರ’ ಅಲ್ಲವಲ್ಲ. ‘ನಾವು ವಿಜಯನಗರದಲ್ಲಿ ಇಣುಕ್‌ಗನ್ನಡಿ ಅಂತಿದ್ವಿ’ ಎಂದರು. ನಿಲುವುಗನ್ನಡಿ, ಭೂತಗನ್ನಡಿ ಇರುವ ಭಾಷೆ ನಮ್ಮದು, ಇಣುಕುಗನ್ನಡಿ ಅವುಗಳ ಪಕ್ಕ ಸಲೀಸಾಗಿ ಕೂರುತ್ತದೆ. ನಮೂದಿಸಿಕೊಂಡೆ. ಒಬ್ಬರೇ ಹೇಳಿದ್ದರಿಂದ ಗೈಡ್ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿದ್ದಾರೆ.

ಹೋದ ಆಯುಧಪೂಜೆಯ ದಿನ ಸ್ಪ್ಯಾನರುಗಳ ಸಾಲಿನಲ್ಲಿ ಮೂರು ಕನ್ನಡಿಗಳಿಗೂ ಕುಂಕುಮ ಬಿತ್ತು. ಅಮ್ಮ ಕನ್ನಡಿಯ ಮುಖಕ್ಕೇ ಇಡಲು ಹೋದಾಗ ಅಪ್ಪ ತಡೆದು ಹಿಡಿಗೆ ಇಡಿಸಿದರು. ರೋಡಿಯಂ ಎಷ್ಟು ಗಟ್ಟಿಯಾದರೂ ಒಣಗಿದ ಕುಂಕುಮ ಉಜ್ಜುವುದು ಬೇಡವೆಂದು. ಗ್ಯಾರೇಜು ಬಾಡಿಗೆಗೆ ಹೋಗಿಲ್ಲ. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಅಪ್ಪ ಇರುತ್ತಾರೆ, ಆಮೇಲೆ ಹುಡುಗ ನೋಡಿಕೊಳ್ಳುತ್ತಾನೆ. ಹಣ ಮೊದಲಿನಷ್ಟು ಬರುತ್ತಿಲ್ಲ. ಫೆಲೋಶಿಪ್ ಮುಗಿದಿದೆ. ನಾನು ಒಂದು ಕಾಲೇಜಿನಲ್ಲಿ ವಾರಕ್ಕೆ ಎಂಟು ಗಂಟೆ ಪಾಠ ಮಾಡುತ್ತೇನೆ.

ಈಗ ಬರುತ್ತಿರುವ ಹೊಸ ತಲೆನೋವು ಎಲೆಕ್ಟ್ರಿಕ್ ಸ್ಕೂಟರುಗಳದು. ಬ್ಯಾಟರಿಯ ಟರ್ಮಿನಲ್ಲುಗಳ ನಡುವೆ ಲೋಹದ ಕಡ್ಡಿ ತೂರಿಸುವಂತಿಲ್ಲ, ಎರಡಕ್ಕೂ ಒಟ್ಟಿಗೆ ತಾಗಿದರೆ ಕಿಡಿ, ಸುಟ್ಟಗಾಯ. ನಾವು ಇಷ್ಟು ಹುಡುಕಿ ತಂದ ಮೂರೂ ಅಲ್ಲಿ ಅಪಾಯದ ಸಾಮಾನೇ. ಒಮ್ಮೆ ಬಳಸಿ ಎಸೆಯುವ ಪೂರಾ ಪ್ಲಾಸ್ಟಿಕ್ಕಿನ ಬಾಯಿಗನ್ನಡಿಗಳು ಸಿಗುತ್ತವೆ. ಪೆಟ್ರೋಲು, ಕಾರ್ಬೊರೇಟರ್ ಸ್ಪ್ರೇ ಇಲ್ಲದ ಗಾಡಿಯಲ್ಲಿ ಅಕ್ರಿಲಿಕ್ ಕನ್ನಡಿಯೂ ಬಾಳುತ್ತದೆ, ಡಬ್ಬಿಯ ಎರಡನೆಯ ಹೆಣಕ್ಕೆ ಈಗ ಮರ್ಯಾದೆ ಬಂದಂತಾಯಿತು. ಉದ್ದ ಮಾತ್ರ ಸಾಲದು. ಅಪ್ಪ ಹಳೆಯ ಫೈಬರ್ ಕಡ್ಡಿಯೊಂದನ್ನು ಕಿಟಕಿಯಲ್ಲಿ ಒಣಗಲು ಇಟ್ಟಿದ್ದಾರೆ. ಅದರ ತುದಿಗೆ ಕನ್ನಡಿ ಕೂರಿಸಲು ಯಾವ ಅಂಟು ಬಾಳುತ್ತದೆಂದು ಹುಡುಗನಿಗೂ ಅವರಿಗೂ ಮೂರು ದಿನದಿಂದ ವಾದ ನಡೆಯುತ್ತಿದೆ.